ಹ್ಯಾಂಬರ್ಗ್‌ನ ಲೂಸಿಫರ್ಸ್ ಫ್ರೆಂಡ್: ಮರೆತುಹೋದ ಹೆವಿ ಮೆಟಲ್ ರೆಕಾರ್ಡ್ ಮತ್ತೆ ಸಿಕ್ಕಿದ್ದು ಹೇಗೆ?

2025ರ ಜುಲೈ 5ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಬ್ಲ್ಯಾಕ್ ಸಬತ್ ತಂಡ ತನ್ನ ಕೊನೆಯ ಕಾರ್ಯಕ್ರಮ ಕೊಟ್ಟಿತು. ಮೂರು ವಾರ ಕಳೆಯುವ ಮೊದಲೇ, ಜುಲೈ 22ರಂದು, ಅದರ ಗಾಯಕ ಆಜಿ ಆಸ್ಬೋರ್ನ್ ತೀರಿಕೊಂಡರು. ಹೆವಿ ಮೆಟಲ್ ಕಡೆ ತಲೆಯೇ ಹಾಕದವರೂ ಆಗ ಕೇಳಿದರು: ಈ ಸಂಗೀತ ಶುರುವಾಗಿದ್ದು ಎಲ್ಲಿ? 1970ರಲ್ಲಿ ಇಷ್ಟು ಗಡುಸಾಗಿ ನುಡಿಸುತ್ತಿದ್ದವರು ಬೇರೆ ಯಾರಿದ್ದರು?

ಈ ಪ್ರಶ್ನೆ ಹಿಡಿದು ಹಳೆಯ ರೆಕಾರ್ಡ್‌ಗಳನ್ನು ಒಂದೊಂದಾಗಿ ಕೇಳುತ್ತಾ ಹೋದವರಿಗೆ ಒಂದಲ್ಲ ಒಂದು ದಿನ ಜರ್ಮನಿಯ ಒಂದು ತಂಡ ಎದುರಾಗುತ್ತದೆ. ಹೆಸರು ಲೂಸಿಫರ್ಸ್ ಫ್ರೆಂಡ್. ಊರು ಹ್ಯಾಂಬರ್ಗ್. ಮೊದಲ ರೆಕಾರ್ಡ್ ಬಂದಿದ್ದು 1970ರಲ್ಲಿ, ಅಂದರೆ ಬ್ಲ್ಯಾಕ್ ಸಬತ್‌ನ ಮೊದಲ ರೆಕಾರ್ಡ್ ಬಂದ ವರ್ಷವೇ. ಜರ್ಮನಿಯಿಂದ ಜಗತ್ತಿಗೆಲ್ಲ ಗೊತ್ತಾದ ಸ್ಕಾರ್ಪಿಯನ್ಸ್ ತಂಡದ ಮೊದಲ ರೆಕಾರ್ಡ್ ಕೂಡ ಬಂದಿದ್ದು 1972ರಲ್ಲಿ. ಹಾಗಿದ್ದೂ ಈ ಹೆಸರು ಬಹಳ ಜನ ಕೇಳಿಲ್ಲ. ಅದಕ್ಕೆ ಕಾರಣ ಏನು, ಈಗ ಹೇಗೆ ಸಿಗುತ್ತಿದೆ, ಕೇಳುವುದಾದರೆ ಏನನ್ನು ಗಮನಿಸಬೇಕು, ಮೊದಲಿಂದ ನೋಡೋಣ.

ಹೆವಿ ಮೆಟಲ್ ಅಂದರೆ ಸುಮ್ನೆ ಗಲಾಟೆ ಅಲ್ಲ

ಮೊದಲು ಎರಡು ಪದ ಗೊತ್ತಿರಬೇಕು. ಒಂದು ರಿಫ್. ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ, ಗಟ್ಟಿಯಾದ ಸ್ವರಗುಚ್ಛ. ಸಿನಿಮಾ ಹಾಡಿನಲ್ಲಿ ಪಲ್ಲವಿ ಮನಸ್ಸಿನಲ್ಲಿ ಉಳಿಯುತ್ತದೆ. ಹೆವಿ ಮೆಟಲ್‌ನಲ್ಲಿ ಉಳಿಯುವುದು ರಿಫ್. ಹಾಡಿನ ಉಳಿದೆಲ್ಲ ಭಾಗ ಅದರ ಮೇಲೆ ನಿಲ್ಲುತ್ತದೆ.

ಇನ್ನೊಂದು ಡಿಸ್ಟಾರ್ಷನ್. ಆಂಪ್ಲಿಫೈಯರ್‌ಗೆ ಒಂದು ಮಿತಿ ಇರುತ್ತದೆ. ಅದನ್ನು ಮೀರಿ ಸದ್ದು ತುಂಬಿದರೆ ಅಲೆಯ ತುದಿಗಳು ಕತ್ತರಿಸಿದಂತೆ ಚಪ್ಪಟೆಯಾಗುತ್ತವೆ. ಆಗ ಮೂಲ ಸ್ವರದ ಜೊತೆಗೆ ಅದರಲ್ಲಿ ಇಲ್ಲದಿದ್ದ ಹೊಸ ಸ್ವರಗಳೂ ಹುಟ್ಟುತ್ತವೆ. ಗಿಟಾರಿನ ಆ ಗರಗರ, ಒರಟು ಧ್ವನಿ ಅದೇ. ಮಾಮೂಲಿ ಲೆಕ್ಕದಲ್ಲಿ ಇದು ದೋಷ. ಅರವತ್ತರ ದಶಕದ ಗಿಟಾರ್ ವಾದಕರು ಇದನ್ನು ಬೇಕೆಂದೇ ಬಳಸತೊಡಗಿದರು.

ಡಿಸ್ಟಾರ್ಷನ್ ಬಂದ ಮೇಲೆ ಒಂದು ತೊಡಕು ಬಂತು. ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಸಿದರೆ ಎಲ್ಲ ಕಲಸುಮೇಲೋಗರ. ಎರಡೇ ಸ್ವರ ಹಿಡಿದರೆ ಮಾತ್ರ ಸದ್ದು ಗಟ್ಟಿಯಾಗಿ, ಸ್ಪಷ್ಟವಾಗಿ ನಿಲ್ಲುತ್ತದೆ. ಆ ಎರಡು ಯಾವುದು ಅಂದರೆ, ನಮ್ಮ ತಂಬೂರಿಯಲ್ಲಿ ಮೊಳಗುವ ಷಡ್ಜ ಮತ್ತು ಪಂಚಮ. ಇದಕ್ಕೆ ಅವರು ಪವರ್ ಕಾರ್ಡ್ ಅನ್ನುತ್ತಾರೆ. ಲೆಕ್ಕ ಸರಳ. ಸ ಸೆಕೆಂಡಿಗೆ 100 ಸಲ ಕಂಪಿಸಿದರೆ ಪ 150 ಸಲ ಕಂಪಿಸುತ್ತದೆ. ಎರಡರ ನಡುವಿನ ವ್ಯತ್ಯಾಸ 50. ಡಿಸ್ಟಾರ್ಷನ್ ಆ 50ರ ಕಂಪನವನ್ನೂ ಹುಟ್ಟಿಸುತ್ತದೆ. ಅದು ಮಂದ್ರ ಷಡ್ಜ. ಹಾಗಾಗಿ ಬೆರಳು ಒತ್ತಿದ್ದು ಎರಡೇ ಸ್ವರವಾದರೂ ನೆಲದಡಿಯಿಂದ ಮೂರನೆಯದೊಂದು ಗುಂಯ್‌ಗುಡುತ್ತದೆ. ಹೆವಿ ಮೆಟಲ್‌ನ ‘ಭಾರ’ ಹೆಚ್ಚಾಗಿ ಹುಟ್ಟುವುದು ಇಲ್ಲೇ.

ಈ ಶೈಲಿ ಒಂದೇ ದಿನ ಹುಟ್ಟಿದ್ದಲ್ಲ. ಆದರೆ 1970 ಬಹಳ ಮುಖ್ಯವಾದ ವರ್ಷ. ಫೆಬ್ರವರಿಯಲ್ಲಿ ಬ್ಲ್ಯಾಕ್ ಸಬತ್‌ನ ಮೊದಲ ರೆಕಾರ್ಡ್. ಜೂನ್‌ನಲ್ಲಿ ಡೀಪ್ ಪರ್ಪಲ್ ಮತ್ತು ಯುರಾಯಾ ಹೀಪ್. ಸೆಪ್ಟೆಂಬರ್‌ನಲ್ಲಿ ಬ್ಲ್ಯಾಕ್ ಸಬತ್‌ನ ಎರಡನೆಯದು. ಅಕ್ಟೋಬರ್‌ನಲ್ಲಿ ಲೆಡ್ ಜೆಪ್ಲಿನ್‌ನ ಮೂರನೆಯದು. ಎಲ್ಲವೂ ಬ್ರಿಟನ್ನಿನವು. ಅದೇ ವರ್ಷದ ಕೊನೆಯ ಭಾಗದಲ್ಲಿ ಹ್ಯಾಂಬರ್ಗ್‌ನಿಂದ ಫಿಲಿಪ್ಸ್ ಕಂಪನಿ ಲೂಸಿಫರ್ಸ್ ಫ್ರೆಂಡ್‌ನ ಐದು ಜನರ ರೆಕಾರ್ಡ್ ಹೊರತಂದಿತು.

ಹ್ಯಾಂಬರ್ಗ್‌ನಲ್ಲೇ ಯಾಕೆ?

ಹ್ಯಾಂಬರ್ಗ್ ಬಂದರು ಪಟ್ಟಣ. ಹಡಗಿನವರಿಗೆ ರಾತ್ರಿಯಿಡೀ ತೆರೆದಿರುವ ಕ್ಲಬ್‌ಗಳು ಬೇಕು, ಕ್ಲಬ್‌ಗಳಿಗೆ ರಾತ್ರಿಯಿಡೀ ನುಡಿಸುವ ಹುಡುಗರು ಬೇಕು. ಹಾಗಾಗಿ ಇಂಗ್ಲೆಂಡಿನಿಂದ ತಂಡಗಳನ್ನು ಕರೆಸುತ್ತಿದ್ದರು. ಬೀಟಲ್ಸ್ ಪಳಗಿದ್ದೂ ಇಲ್ಲೇ. 1960ರ ಆಗಸ್ಟ್‌ನಲ್ಲಿ ಅವರು ಮೊದಲ ಸಲ ಹ್ಯಾಂಬರ್ಗ್‌ಗೆ ಬಂದು ದಿನಕ್ಕೆ ಗಂಟೆಗಟ್ಟಲೆ ನುಡಿಸಿದರು. 1962ರಲ್ಲಿ ಶುರುವಾದ ಸ್ಟಾರ್ ಕ್ಲಬ್ 1969ರ ಕೊನೆಯವರೆಗೂ ನಡೆಯಿತು. ಅಷ್ಟು ವರ್ಷ ಆ ಊರಿನ ಹುಡುಗರು ಇಂಗ್ಲಿಷ್ ರಾಕ್ ಸಂಗೀತವನ್ನು ರೇಡಿಯೋದಲ್ಲಿ ಕೇಳಿ ಕಲಿಯಬೇಕಾಗಿರಲಿಲ್ಲ. ವೇದಿಕೆಯ ಮುಂದೆಯೇ ನಿಂತು ಕಲಿತರು.

ಅಂಥವರಲ್ಲಿ ನಾಲ್ಕು ಜನ ಜರ್ಮನ್ ಬಾಂಡ್ಸ್ ಅನ್ನುವ ತಂಡದಲ್ಲಿದ್ದರು. ಗಿಟಾರಿಗೆ ಪೀಟರ್ ಹೆಸ್ಲೈನ್, ಬೇಸ್ ಗಿಟಾರಿಗೆ ಡೀಟರ್ ಹಾರ್ನ್ಸ್, ಕೀಬೋರ್ಡ್‌ಗೆ ಪೀಟರ್ ಹೆಕ್ಟ್, ಡ್ರಮ್ಸ್‌ಗೆ ಯೋಆಖಿಮ್ ರೀಟನ್‌ಬಾಖ್. ಐದನೆಯವರು ಇಂಗ್ಲಿಷಿನವರು. 1946ರಲ್ಲಿ ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್‌ನಲ್ಲಿ ಹುಟ್ಟಿದ ಜಾನ್ ಲಾಟನ್. ಸ್ಟೋನ್‌ವಾಲ್ ಅನ್ನುವ ತಂಡದ ಜೊತೆ ಹ್ಯಾಂಬರ್ಗ್‌ನ ಟಾಪ್ ಟೆನ್ ಕ್ಲಬ್‌ಗೆ ಹಾಡಲು ಬಂದಿದ್ದರು. ಕ್ಲಬ್ಬಿನ ಕೆಲಸ ಮುಗಿದ ಮೇಲೂ ಅವರು ಜರ್ಮನಿಯಲ್ಲೇ ಉಳಿದರು.

ಈ ಐವರು ಮೊದಲು ಆಸ್ಟೆರಿಕ್ಸ್ ಅನ್ನುವ ಹೆಸರಿನಲ್ಲಿ ಇನ್ನೊಬ್ಬ ಗಾಯಕನನ್ನೂ ಸೇರಿಸಿಕೊಂಡು 1970ರಲ್ಲಿ ಒಂದು ರೆಕಾರ್ಡ್ ಮಾಡಿದರು. ಆಮೇಲೆ ಹೆಸರು ಬದಲಾಯಿತು, ಸಂಗೀತವೂ ಗಡುಸಾಯಿತು. ಹೊಸ ಹೆಸರು ಲೂಸಿಫರ್ಸ್ ಫ್ರೆಂಡ್, ಅಂದರೆ ಸೈತಾನನ ಗೆಳೆಯ. ಅದನ್ನು ಕೇಳಿ ಸೈತಾನನ ಪೂಜೆಯೇನೋ ಅಂದುಕೊಳ್ಳಬೇಡಿ. ಮಾಟ, ಪಿಶಾಚಿ, ಕತ್ತಲೆ ಇವನ್ನೆಲ್ಲ ಹೆಸರಲ್ಲಿ ಸೇರಿಸಿಕೊಳ್ಳುವುದು ಆ ಕಾಲದ ರಾಕ್ ತಂಡಗಳಲ್ಲಿ ನಡೆದಿತ್ತು. ಬ್ಲ್ಯಾಕ್ ಸಬತ್ ಅನ್ನುವ ಹೆಸರೂ ಅದೇ ಗಾಳಿಯಲ್ಲಿ ಬಂದಿದ್ದು.

ಆ ಮೊದಲ ರೆಕಾರ್ಡ್‌ನಲ್ಲಿ ಏನಿದೆ

ಎಂಟು ಹಾಡು, ಸುಮಾರು ನಲವತ್ತು ನಿಮಿಷ. ಮೊದಲನೆಯದು ‘ರೈಡ್ ದ ಸ್ಕೈ’. ಮೂರು ನಿಮಿಷವೂ ಇಲ್ಲ. ಈಗ ಈ ತಂಡವನ್ನು ಹೊಸದಾಗಿ ಕಂಡುಕೊಳ್ಳುವ ಹೆಚ್ಚಿನವರಿಗೆ ಬಾಗಿಲು ಇದೇ ಹಾಡು. ಅದಕ್ಕೆ ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಶುರುವಿನಲ್ಲೇ ಒಂದು ಕೂಗು ಕೇಳುತ್ತದೆ. ಮನುಷ್ಯರದ್ದಲ್ಲ, ಗಿಟಾರಿನದ್ದೂ ಅಲ್ಲ. ಅದು ಫ್ರೆಂಚ್ ಹಾರ್ನ್, ಸುರುಳಿ ಸುತ್ತಿದ ಹಿತ್ತಾಳೆ ವಾದ್ಯ. ಸಿಂಫನಿ ಆರ್ಕೆಸ್ಟ್ರಾಗಳಲ್ಲಿ ಹಿಂದಿನ ಸಾಲಿನಲ್ಲಿ ಇರುವಂಥದ್ದು. ಈ ತಂಡ ಅದನ್ನು ಹೆವಿ ಮೆಟಲ್ ಹಾಡಿನ ಹಣೆಯ ಮೇಲೆ ತಂದು ಕೂರಿಸಿತು. ಅದರ ಕೆಳಗೆ ಗಿಟಾರ್ ಮತ್ತು ಡ್ರಮ್ಸ್ ಕುದುರೆ ಓಡಿದ ಹಾಗೆ ಓಡುತ್ತವೆ. ಆಮೇಲೆ ಲಾಟನ್ ಬರುತ್ತಾರೆ. ಎತ್ತರದ ಸ್ಥಾಯಿಯಲ್ಲಿ ಹಿಡಿದರೂ ಧ್ವನಿ ತೆಳುವಾಗುವುದಿಲ್ಲ, ಕಿರುಚಾಟವೂ ಆಗುವುದಿಲ್ಲ. ಇವರ ಗಂಟಲು ಆ ರೆಕಾರ್ಡ್‌ನ ದೊಡ್ಡ ಆಸ್ತಿ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಲೆಡ್ ಜೆಪ್ಲಿನ್ ಕೇಳಿದವರಿಗೆ ಇಲ್ಲಿ ಥಟ್ಟನೆ ಒಂದು ನೆನಪಾಗುತ್ತದೆ. ಅವರ ‘ಇಮಿಗ್ರಂಟ್ ಸಾಂಗ್’ನಲ್ಲೂ ಇಂಥದ್ದೇ ಕೂಗು, ಇಂಥದ್ದೇ ಓಟ ಇದೆ. ಆ ಕೂಗು ಗಾಯಕನದ್ದು, ಇದು ಹಾರ್ನ್‌ನದ್ದು. ಎರಡೂ ಒಂದೇ ವರ್ಷ, ಕೆಲವೇ ವಾರಗಳ ಆಸುಪಾಸಿನಲ್ಲಿ ಬಂದ ಹಾಡುಗಳು. ಹಾಗಾಗಿ ಯಾರದ್ದು ಯಾರನ್ನು ಹೋಲುತ್ತದೆ ಅನ್ನುವ ಮಾತು ಅಭಿಮಾನಿಗಳಲ್ಲಿ ಇವತ್ತಿಗೂ ನಡೆದೇ ಇದೆ. ಕೇಳುಗರು ಈ ಹೋಲಿಕೆಗೇ ನಿಂತುಬಿಟ್ಟರೆ ಮಾತ್ರ ನಷ್ಟ. ಉಳಿದ ಏಳು ಹಾಡು ಬೇರೆಯೇ ದಾರಿಯಲ್ಲಿ ಹೋಗುತ್ತವೆ.

ಆ ದಾರಿ ಸಿಗುವುದು ಹ್ಯಾಮಂಡ್ ಆರ್ಗನ್‌ನಲ್ಲಿ. ನೋಡಲು ದೊಡ್ಡ ಮೇಜಿನಂಥ ಕೀಬೋರ್ಡ್. 1930ರ ದಶಕದಲ್ಲಿ ಅಮೆರಿಕದಲ್ಲಿ ಬಂದಿದ್ದು. ಒಳಗೆ ಹಲ್ಲುಗಳಿರುವ ಲೋಹದ ಚಕ್ರಗಳು ತಿರುಗುತ್ತವೆ. ಪ್ರತಿ ಚಕ್ರದ ಪಕ್ಕ ಒಂದು ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿ. ಹಲ್ಲು ಹತ್ತಿರ ಬಂದು ದೂರ ಹೋದಂತೆಲ್ಲ ತಂತಿಯಲ್ಲಿ ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಆ ಅಲೆಯೇ ಸ್ವರ. ಚರ್ಚುಗಳಿಗೆ ಕಡಿಮೆ ಖರ್ಚಿನ ಆರ್ಗನ್ ಅಂತ ಮಾರಾಟವಾಗುತ್ತಿದ್ದ ಈ ವಾದ್ಯವನ್ನು ರಾಕ್ ಸಂಗೀತಗಾರರು ಗಿಟಾರಿನಂತೆಯೇ ಮಿತಿ ಮೀರಿ ಆಂಪ್ಲಿಫೈ ಮಾಡಿದರು. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ಇದನ್ನು ಗಿಟಾರಿಗೆ ಬಳಸುವ ಆಂಪ್ಲಿಫೈಯರ್‌ಗೇ ಜೋಡಿಸಿದ್ದು ಪ್ರಸಿದ್ಧ. ಲೂಸಿಫರ್ಸ್ ಫ್ರೆಂಡ್‌ನ ಕೀಬೋರ್ಡ್ ವಾದಕ ಹೆಕ್ಟ್ ಅವರ ಆರ್ಗನ್ ಕೂಡ ಎರಡನೇ ಗಿಟಾರಿನ ಕೆಲಸ ಮಾಡುತ್ತದೆ. ಸುಮಾರು ಏಳು ನಿಮಿಷದ ‘ಟಾಕ್ಸಿಕ್ ಶ್ಯಾಡೋಸ್’ನಲ್ಲಿ ಗಿಟಾರ್ ಎಲ್ಲಿ ಮುಗಿಯಿತು, ಆರ್ಗನ್ ಎಲ್ಲಿ ಶುರುವಾಯಿತು ಅಂತ ಬೇರ್ಪಡಿಸಲು ಕಿವಿಗೊಟ್ಟು ಕೇಳಬೇಕು.

ಕೊನೆಯ ಹಾಡಿಗೆ ತಂಡದ್ದೇ ಹೆಸರು. ನಿಧಾನ, ಗಂಭೀರ, ಕತ್ತಲು ಕವಿದಂಥ ನಡೆ. ಹತ್ತು ಹದಿನೈದು ವರ್ಷಗಳ ನಂತರ ಡೂಮ್ ಮೆಟಲ್ ಅನ್ನುವ ಶಾಖೆ ಬೆಳೆಯಿತು. ವೇಗ ಕಡಿಮೆ, ಭಾರ ಜಾಸ್ತಿ, ಅದು ಅದರ ಲಕ್ಷಣ. ಆ ಶಾಖೆಯ ಬೇರು ಹುಡುಕುವವರು ಬ್ಲ್ಯಾಕ್ ಸಬತ್ ಜೊತೆಗೆ ಈ ರೆಕಾರ್ಡನ್ನೂ ಹೆಸರಿಸುವುದು ಇಂಥ ಹಾಡುಗಳ ಕಾರಣಕ್ಕೆ.

ಇಷ್ಟೆಲ್ಲ ಇದ್ದರೂ ಹೆಸರು ಬರಲಿಲ್ಲ ಯಾಕೆ?

ಒಂದೇ ಕಾರಣ ಅಂತ ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಹಲವು ಸಂಗತಿಗಳು ಒಂದರ ಮೇಲೊಂದು ಬಿದ್ದವು.

ಆ ಹೊತ್ತಿಗೆ ಜರ್ಮನಿಯ ರಾಕ್ ಅಂದರೆ ಹೊರಗಿನವರ ಕಣ್ಣಿಗೆ ಬಿದ್ದಿದ್ದು ಕ್ಯಾನ್, ಆಮೋನ್ ಡ್ಯೂಲ್, ಟ್ಯಾಂಜರೀನ್ ಡ್ರೀಮ್, ಕ್ರಾಫ್ಟ್‌ವರ್ಕ್‌ನಂಥ ತಂಡಗಳು. ವಿಚಿತ್ರ ಸದ್ದುಗಳು, ಉದ್ದುದ್ದ ಪ್ರಯೋಗಗಳು. ಬ್ರಿಟನ್ನಿನ ಪತ್ರಿಕೆಗಳು ಇವನ್ನೆಲ್ಲ ಕ್ರೌಟ್‌ರಾಕ್ ಅನ್ನುವ ಒಂದೇ ಚೀಲಕ್ಕೆ ಹಾಕಿದವು. ಲೂಸಿಫರ್ಸ್ ಫ್ರೆಂಡ್ ಆ ಚೀಲಕ್ಕೆ ಹೊಂದಲಿಲ್ಲ. ಹಾಡುತ್ತಿದ್ದುದು ಇಂಗ್ಲಿಷ್, ಹಾಡುತ್ತಿದ್ದವರು ಇಂಗ್ಲಿಷಿನವರು, ಸದ್ದು ಬ್ರಿಟಿಷ್ ತಂಡಗಳ ಹಾಗೆ. ಇತ್ತ ಬ್ರಿಟಿಷ್ ಹಾರ್ಡ್ ರಾಕ್ ಸಾಲಿನಲ್ಲಿ ಸೇರಿಸೋಣ ಅಂದರೆ ತಂಡ ಜರ್ಮನಿಯದ್ದು. ಅಂಗಡಿಯಲ್ಲಿ ಯಾವ ಸಾಲಿನಲ್ಲಿ ಇಡಬೇಕು ಅನ್ನುವುದೇ ಗೊಂದಲವಾದರೆ ಗಿರಾಕಿ ಕೈಗೆ ಸಿಗುವುದು ಹೇಗೆ ಅಲ್ವಾ?

ಇನ್ನೊಂದು, ಇವರು ಮೂಲತಃ ಸ್ಟುಡಿಯೋ ಸಂಗೀತಗಾರರು. ಬೇರೆಯವರ ರೆಕಾರ್ಡಿಂಗ್‌ಗೆ ಹೋಗಿ ನುಡಿಸಿ ಸಂಬಳ ಪಡೆಯುವವರು. ಎಲೆಕ್ಟ್ರಿಕ್ ಫುಡ್ ಅನ್ನುವ ಹೆಸರಿನಲ್ಲೂ ರೆಕಾರ್ಡ್ ಮಾಡಿದರು. ಪಿಂಕ್ ಮೈಸ್ ಅನ್ನುವ ಹೆಸರಿನಲ್ಲಿ ಯುರೋಪಿನ ಶಾಸ್ತ್ರೀಯ ಸಂಗೀತವನ್ನು ರಾಕ್ ವಾದ್ಯಗಳಲ್ಲಿ ನುಡಿಸಿದರು. ಹೆಸ್ಲೈನ್ ಅವರು ಜೇಮ್ಸ್ ಲಾಸ್ಟ್ ಅವರ ಪ್ರಸಿದ್ಧ ವಾದ್ಯವೃಂದದಲ್ಲೂ ಇದ್ದರು. ಅದು ಮನೆಮಂದಿಯೆಲ್ಲ ಕೂತು ಕೇಳುವಂಥ, ಪಾರ್ಟಿಗಳಲ್ಲಿ ಕುಣಿಯುವಂಥ ಸಂಗೀತ. ಲಾಟನ್ ಲೆಸ್ ಹಂಫ್ರೀಸ್ ಸಿಂಗರ್ಸ್ ಅನ್ನುವ ಪಾಪ್ ಗಾಯಕವೃಂದದಲ್ಲಿ ಹಾಡುತ್ತಿದ್ದರು. ಆ ವೃಂದ 1976ರಲ್ಲಿ ಜರ್ಮನಿಯ ಪರವಾಗಿ ಯೂರೋವಿಷನ್ ಅನ್ನುವ, ದೇಶ ದೇಶಗಳ ನಡುವಿನ ಹಾಡಿನ ಸ್ಪರ್ಧೆಗೂ ಹೋಗಿ 15ನೇ ಸ್ಥಾನ ಪಡೆಯಿತು.

ಈ ಕೆಲಸಗಳು ಹೊಟ್ಟೆ ತುಂಬಿಸಿದವು. ಆದರೆ ಊರೂರು ಸುತ್ತಿ ನುಡಿಸಲು ಸಮಯ ಉಳಿಯಲಿಲ್ಲ. ಎಪ್ಪತ್ತರ ದಶಕದಲ್ಲಿ ಹಾರ್ಡ್ ರಾಕ್ ತಂಡ ಬೆಳೆಯುತ್ತಿದ್ದುದೇ ಪ್ರವಾಸದಿಂದ. ರೇಡಿಯೋದವರು ಇಂಥ ಹಾಡು ಹಾಕುತ್ತಿದ್ದುದು ಕಡಿಮೆ. ರಾತ್ರಿ ಕಾರ್ಯಕ್ರಮ ನೋಡಿದವರು ಬೆಳಿಗ್ಗೆ ರೆಕಾರ್ಡ್ ಅಂಗಡಿಗೆ ಹೋಗಬೇಕು, ಹಾಗೆ ನಡೆಯುತ್ತಿತ್ತು ವ್ಯಾಪಾರ. ನನಗೆ ಎಲ್ಲಕ್ಕಿಂತ ಭಾರವಾದ ಕಾರಣ ಇದೇ ಅನ್ನಿಸುತ್ತದೆ.

ಮೂರನೆಯದು, ಪ್ರತಿ ರೆಕಾರ್ಡಿಗೂ ಶೈಲಿ ಬದಲು. 1972ರ ಎರಡನೇ ರೆಕಾರ್ಡ್ ‘ವೇರ್ ದ ಗ್ರೂಪೀಸ್ ಕಿಲ್ಡ್ ದ ಬ್ಲೂಸ್’ ತಿರುವು ಮುರುವು ಜಾಸ್ತಿ ಇರುವ ಪ್ರೋಗ್ರೆಸಿವ್ ರಾಕ್. 1973ರದ್ದು ನೇರವಾದ ರಾಕ್ ಆಂಡ್ ರೋಲ್. 1974ರ ‘ಬ್ಯಾಂಕ್ವೆಟ್’ನಲ್ಲಿ ಜಾಝ್ ಸೇರಿತು, ಸುಮಾರು 30 ಜನರ ವಾದ್ಯವೃಂದವೂ ಸೇರಿತು. ಸಂಗೀತಗಾರರಾಗಿ ಇದು ಅವರ ಶಕ್ತಿ. ಮೊದಲ ರೆಕಾರ್ಡ್ ಇಷ್ಟಪಟ್ಟು ಅಂಥದ್ದೇ ಇನ್ನೊಂದು ಬೇಕು ಅಂದವರಿಗೆ ಮಾತ್ರ ನಿರಾಸೆ.

ಅಮೆರಿಕದಲ್ಲಂತೂ ರೆಕಾರ್ಡ್ ತಲುಪಿದ್ದೇ ತಡ. ಬಿಲ್ಲಿಂಗ್ಸ್‌ಗೇಟ್ ಅನ್ನುವ ಸಣ್ಣ ಕಂಪನಿ ಕೆಲವು ವರ್ಷ ಬಿಟ್ಟು ಅಲ್ಲಿ ಹೊರತಂದಿತು. 1970ರಲ್ಲಿ ಹೊಸದಾಗಿ ಕೇಳಿಸುತ್ತಿದ್ದ ಸದ್ದು ಅಷ್ಟು ಹೊತ್ತಿಗೆ ಹಳೆಯದಾಗಿತ್ತು.

1976ರಲ್ಲಿ ಯುರಾಯಾ ಹೀಪ್ ತನ್ನ ಗಾಯಕ ಡೇವಿಡ್ ಬೈರನ್ ಅವರನ್ನು ಬಿಟ್ಟಿತು. ಆ ಜಾಗಕ್ಕೆ ಲಾಟನ್ ಹೋದರು. ಅವರಿದ್ದಾಗ 1977 ಮತ್ತು 1978ರಲ್ಲಿ ಆ ತಂಡದ ಮೂರು ಸ್ಟುಡಿಯೋ ರೆಕಾರ್ಡ್‌ಗಳು ಬಂದವು. ಜಗತ್ತು ಲಾಟನ್ ಅವರನ್ನು ಗುರುತಿಸಿದ್ದು ಯುರಾಯಾ ಹೀಪ್ ಗಾಯಕ ಅಂತಲೇ. ಹ್ಯಾಂಬರ್ಗ್‌ನ ತಂಡ ಮೈಕ್ ಸ್ಟಾರ್ಸ್ ಅನ್ನುವ ಗಾಯಕನ ಜೊತೆ ಎರಡು ರೆಕಾರ್ಡ್ ಮಾಡಿತು. 1981ರ ‘ಮೀನ್ ಮೆಷಿನ್’ಗೆ ಲಾಟನ್ ವಾಪಸ್ ಬಂದರು. ಅದು ಮತ್ತೆ ಗಡುಸು ಸಂಗೀತವೇ. ಅದಾದ ಮೇಲೆ ತಂಡ ನಿಂತುಹೋಯಿತು.

‘ಮತ್ತೆ ಸಿಕ್ಕಿತು’ ಅಂದರೆ ನಿಜವಾಗಿ ಏನಾಗುತ್ತದೆ?

ಹಳೆಯ ರೆಕಾರ್ಡ್ ತಾನಾಗಿಯೇ ಎದ್ದು ಬರುವುದಿಲ್ಲ. ಮೊದಲು ಸಂಗ್ರಾಹಕರು ಅದನ್ನು ಉಳಿಸುತ್ತಾರೆ. ಹಳೆಯ ರೆಕಾರ್ಡ್ ಅಂಗಡಿಗಳಲ್ಲಿ, ಸಂತೆಗಳಲ್ಲಿ ಒಂದೊಂದೇ ಪ್ರತಿ ಹುಡುಕಿ ತರುತ್ತಾರೆ, ಗೆಳೆಯರಿಗೆ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಾರೆ. ಪ್ರತಿ ಕಡಿಮೆ, ಕೇಳುವವರು ಜಾಸ್ತಿ ಆದಾಗ ಬೆಲೆ ಏರುತ್ತದೆ. ಬೆಲೆ ಏರಿದ್ದು ಗಮನಿಸಿದ ಯಾವುದಾದರೂ ಕಂಪನಿ ಮರುಮುದ್ರಣಕ್ಕೆ ಕೈಹಾಕುತ್ತದೆ. ಲೂಸಿಫರ್ಸ್ ಫ್ರೆಂಡ್ ವಿಷಯದಲ್ಲಿ ಹ್ಯಾಂಬರ್ಗ್‌ನದ್ದೇ ಆದ ರೆಪರ್ಟಾಯರ್ ರೆಕಾರ್ಡ್ಸ್ ಸಿಡಿ ಕಾಲದಲ್ಲಿ ಈ ಕೆಲಸ ಮಾಡಿತು. ಹಳೆಯ ರಾಕ್ ರೆಕಾರ್ಡ್‌ಗಳನ್ನು ಸಿಡಿಗೆ ತರುವುದೇ ಅದರ ಕಸುಬು.

ಮರುಮುದ್ರಣ ಅಂದರೆ ಪುಸ್ತಕದ ಹಾಗೆ ಹಳೆಯದನ್ನೇ ಮತ್ತೆ ಅಚ್ಚು ಹಾಕುವುದಲ್ಲ. ಇದಕ್ಕೆ ಮಾಸ್ಟರ್ ಟೇಪ್ ಬೇಕು. ಸ್ಟುಡಿಯೋದಲ್ಲಿ ಗಿಟಾರ್, ಡ್ರಮ್ಸ್, ಹಾಡು ಎಲ್ಲವನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಧ್ವನಿಮುದ್ರಿಸುತ್ತಿದ್ದರು. ಆಮೇಲೆ ಅವನ್ನೆಲ್ಲ ಹದವಾಗಿ ಬೆರೆಸಿ, ಎಡ ಬಲ ಎರಡೇ ಪಟ್ಟಿಯಿರುವ ಕಾಲಿಂಚು ಅಗಲದ ಟೇಪಿಗೆ ಇಳಿಸುತ್ತಿದ್ದರು. ಅದೇ ಮಾಸ್ಟರ್. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿ, ಅದನ್ನು ಹಿಡಿದಿಡುವ ಅಂಟು. ಇಷ್ಟೇ ಟೇಪು. ವರ್ಷಗಳು ಕಳೆದಂತೆ ಕೆಲವು ಬಗೆಯ ಟೇಪಿನ ಅಂಟು ಗಾಳಿಯ ತೇವ ಹೀರಿಕೊಂಡು ಜಿಗುಟಾಗುತ್ತದೆ. ಹಾಗೇ ಯಂತ್ರಕ್ಕೆ ಹಾಕಿ ಓಡಿಸಿದರೆ ಪುಡಿ ಕಿತ್ತು ಬರುತ್ತದೆ. ಪುಡಿಯ ಜೊತೆ ಹಾಡೂ ಹೋಗುತ್ತದೆ. ಅಂಥ ಟೇಪನ್ನು ಸುಮಾರು 50 ಡಿಗ್ರಿ ಬಿಸಿಯ ಪೆಟ್ಟಿಗೆಯಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸುತ್ತಾರೆ. ಒಣಗಿದ ಮೇಲೆ ಕೆಲವು ದಿನ ಓಡಿಸಲು ಅನುಕೂಲ. ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ಮಾಸ್ಟರ್ ಸಿಗದಿದ್ದರೆ ಅದರ ನಕಲು ಹುಡುಕುತ್ತಾರೆ. ಪ್ರತಿ ನಕಲಿಗೂ ಟೇಪಿನ ಸುಯ್‌ಸದ್ದು ಸ್ವಲ್ಪ ಏರುತ್ತದೆ, ತುದಿಯ ಸ್ವರಗಳು ಸ್ವಲ್ಪ ಮಂಕಾಗುತ್ತವೆ. ಅದೂ ಇಲ್ಲದಿದ್ದರೆ ಚೆನ್ನಾಗಿ ಉಳಿದಿರುವ ಎಲ್‌ಪಿ, ಅಂದರೆ ಗೀರು ಕೊರೆದ ಪ್ಲಾಸ್ಟಿಕ್ ತಟ್ಟೆಯನ್ನೇ ಒಳ್ಳೆಯ ಯಂತ್ರದಲ್ಲಿ ಓಡಿಸಿ ಇಳಿಸಿಕೊಳ್ಳುತ್ತಾರೆ. ಎಲ್‌ಪಿಗೆ ಅದರದ್ದೇ ಮಿತಿ ಇದೆ. ತಟ್ಟೆ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಒಂದೇ ಸಮ ತಿರುಗುತ್ತದೆ. ಆದರೆ ಹೊರಗಿನ ಸುತ್ತು ದೊಡ್ಡದು, ಒಳಗಿನದು ಚಿಕ್ಕದು. ಹಾಗಾಗಿ ಒಳಗೆ ಹೋದಂತೆ ಮುಳ್ಳಿನ ಕೆಳಗೆ ಹಾಯುವ ಗೀರಿನ ಉದ್ದ ಕಡಿಮೆಯಾಗುತ್ತದೆ. ಅಷ್ಟೇ ಸಂಗೀತ ಕಡಿಮೆ ಜಾಗದಲ್ಲಿ ಕೂರಬೇಕು. ಮಗ್ಗುಲಿನ ಕೊನೆಯ ಹಾಡು ಕೊಂಚ ಮಂಕಾಗಿ, ಒರಟಾಗಿ ಕೇಳುವುದು ಇದಕ್ಕೇ. ಟೇಪಿನಿಂದ ಬಂದ ಪ್ರತಿಯಲ್ಲಿ ಈ ತೊಂದರೆ ಇರುವುದಿಲ್ಲ.

ಇಳಿಸಿಕೊಂಡ ಮೇಲೆ ಬರುವುದು ರಿಮಾಸ್ಟರಿಂಗ್. ಅಂದರೆ ಹಾಡುಗಳನ್ನು ಮತ್ತೆ ಹಾಡಿಸುವುದಲ್ಲ, ವಾದ್ಯಗಳನ್ನು ಮತ್ತೆ ಬೆರೆಸುವುದೂ ಅಲ್ಲ. ಬೆರೆತ ಸದ್ದಿನಲ್ಲಿ ಮಂದ್ರ ಎಷ್ಟಿರಬೇಕು, ತಾರ ಎಷ್ಟಿರಬೇಕು, ಒಟ್ಟು ಎಷ್ಟು ಜೋರಾಗಿರಬೇಕು ಅಂತ ಸರಿಹೊಂದಿಸುವ ಕೊನೆಯ ಹಂತ. ಇಲ್ಲೂ ಕೆಡಿಸಬಹುದು. ಇಡೀ ಹಾಡನ್ನು ಒಂದೇ ಸಮ ಜೋರು ಮಾಡಿದರೆ ಮೊದಲ ಕ್ಷಣಕ್ಕೆ ದಮ್ಮಿದೆ ಅನ್ನಿಸುತ್ತದೆ. ಆದರೆ ಮೆಲ್ಲಗಿದ್ದುದು ಧುತ್ತನೆ ಏರುವ ಸುಖ ಹೋಗಿಬಿಡುತ್ತದೆ. ಹಾರ್ನ್ ಕೂಗಿ ಡ್ರಮ್ಸ್ ಮುನ್ನುಗ್ಗುವಂಥ ಜಾಗದಲ್ಲಿ ಬೇಕಾಗಿರುವುದು ಆ ಏರಿಳಿತವೇ.

ಹಕ್ಕು ಯಾರದ್ದು?

ಮರುಮುದ್ರಣ ತಡವಾಗಲು ದೊಡ್ಡ ಕಾರಣ ಎಷ್ಟೋ ಸಲ ಟೇಪು ಅಲ್ಲ, ಕಾಗದ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ರಾಗ ಮತ್ತು ಸಾಹಿತ್ಯದ ಹಕ್ಕು ಬರೆದವರದ್ದು ಅಥವಾ ಅವರ ಪ್ರಕಾಶಕರದ್ದು. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಖರ್ಚು ಹಾಕಿದ ಕಂಪನಿಯದ್ದು. ರೆಕಾರ್ಡ್ ಕಂಪನಿಗಳು ಒಂದನ್ನೊಂದು ಕೊಳ್ಳುತ್ತಾ ಹೋಗುತ್ತವೆ, ಹಕ್ಕು ಕೈಯಿಂದ ಕೈಗೆ ಹೋಗುತ್ತದೆ. ಮೂವತ್ತು ನಲವತ್ತು ವರ್ಷದ ಮೇಲೆ ಕೇಳಿದರೆ, ಹಕ್ಕು ತನ್ನಲ್ಲಿದೆ ಅನ್ನುವುದು ಆ ಕಂಪನಿಗೇ ಗೊತ್ತಿಲ್ಲದೆ ಇರಬಹುದು.

ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. 2011ರ ಕಾನೂನಿನಿಂದ ಅದು 70 ವರ್ಷವಾಯಿತು. ಭಾರತದಲ್ಲಿ 60 ವರ್ಷ. ಯುರೋಪಿನ ಆ ಕಾನೂನಿನಲ್ಲಿ ಕಲಾವಿದರಿಗೆ ಬಹಳ ಉಪಯೋಗವಾಗುವ ಒಂದು ನಿಯಮ ಇದೆ. ರೆಕಾರ್ಡ್ ಬಂದು 50 ವರ್ಷ ಆದ ಮೇಲೂ ಕಂಪನಿ ಅದನ್ನು ಸಾಕಷ್ಟು ಪ್ರತಿ ಮಾರಾಟಕ್ಕೆ ಇಡದಿದ್ದರೆ, ಅಂತರ್ಜಾಲದಲ್ಲೂ ಒದಗಿಸದಿದ್ದರೆ, ಕಲಾವಿದರು ನೋಟಿಸ್ ಕೊಡಬಹುದು. ಒಂದು ವರ್ಷದೊಳಗೆ ಕಂಪನಿ ಎಚ್ಚೆತ್ತುಕೊಳ್ಳದಿದ್ದರೆ ಒಪ್ಪಂದ ಮುರಿದುಕೊಳ್ಳಬಹುದು. 1970ರ ಸುಮಾರಿಗೆ ಬಂದ ರೆಕಾರ್ಡ್‌ಗಳಿಗೆ ಆ 50 ವರ್ಷ ಈಗಾಗಲೇ ಮುಗಿದಿದೆ. ಧೂಳು ಹಿಡಿದಿದ್ದ ಹಳೆಯ ಸಂಗೀತವನ್ನು ಹಕ್ಕಿನ ಒಡೆಯರು ಹೊರಗೆ ತರಲು ಇದೂ ಒಂದು ಒತ್ತಡ.

ಅನುಮತಿ ಇಲ್ಲದೆ ಅಚ್ಚು ಹಾಕಿದ ಕಳ್ಳಪ್ರತಿಗಳೂ ಇಂಥ ಸಂಗೀತಕ್ಕೆ ಬರುತ್ತವೆ. ಅವುಗಳಿಂದ ನುಡಿಸಿದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ.

ಎರಡನೇ ಸುತ್ತು

ಸಿಡಿಗಳಿಂದ, ಆಮೇಲೆ ಅಂತರ್ಜಾಲದಿಂದ ಹೊಸ ಕೇಳುಗರು ಸೇರಿದರು. 1994ರಲ್ಲಿ ಲಾಟನ್ ಮತ್ತು ಹೆಸ್ಲೈನ್ ‘ಸುಮೊ ಗ್ರಿಪ್’ ಅನ್ನುವ ರೆಕಾರ್ಡ್ ಮಾಡಿದ್ದರು. ಅದು ಅಷ್ಟಾಗಿ ಸುದ್ದಿಯಾಗಲಿಲ್ಲ. 2014ರಲ್ಲಿ ಲಾಟನ್, ಹೆಸ್ಲೈನ್, ಹಾರ್ನ್ಸ್ ಮೂವರೂ ಸೇರಿ, ಡ್ರಮ್ಸ್‌ಗೂ ಕೀಬೋರ್ಡ್‌ಗೂ ಹೊಸಬರನ್ನು ಕರೆದುಕೊಂಡು ತಂಡವನ್ನು ಮತ್ತೆ ಕಟ್ಟಿದರು. ಮರುವರ್ಷ ‘ಅವೇಕನಿಂಗ್’ ಬಂತು. ಅದರಲ್ಲಿ ಹಳೆಯ ಹಾಡುಗಳ ಆಯ್ಕೆ, ಜೊತೆಗೆ ಕೆಲವು ಹೊಸ ಹಾಡು.

2015ರಲ್ಲಿ ಅವರು ಸ್ವೀಡನ್ ರಾಕ್ ಉತ್ಸವದಲ್ಲಿ ನುಡಿಸಿದರು. ಇದು ಯುರೋಪಿನ ದೊಡ್ಡ ರಾಕ್ ಮತ್ತು ಮೆಟಲ್ ಉತ್ಸವಗಳಲ್ಲಿ ಒಂದು. ಹರೆಯದಲ್ಲಿ ಪ್ರವಾಸ ಮಾಡದೆ ಕಳೆದುಕೊಂಡಿದ್ದ ವೇದಿಕೆ ಮೊದಲ ರೆಕಾರ್ಡ್ ಬಂದ 45 ವರ್ಷಗಳ ನಂತರ ಸಿಕ್ಕಿತು. ಆಗ ಲಾಟನ್ ಅವರಿಗೆ 69ರ ಹತ್ತಿರ. ಆ ದಿನದ ಧ್ವನಿಮುದ್ರಣ ಬೇರೆ ರೆಕಾರ್ಡ್ ಆಗಿಯೂ ಬಂದಿದೆ. ಗಂಟಲು ಇನ್ನೂ ಹೇಗಿತ್ತು ಅಂತ ತಿಳಿಯಲು ಅದನ್ನು ಕೇಳಬೇಕು. 2016ರಲ್ಲಿ ‘ಟೂ ಲೇಟ್ ಟು ಹೇಟ್’, 2019ರಲ್ಲಿ ‘ಬ್ಲ್ಯಾಕ್ ಮೂನ್’ ಬಂದವು. 2021ರ ಜೂನ್ 29ರಂದು ಲಾಟನ್ ತೀರಿಕೊಂಡರು.

ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿನಲ್ಲಿ ಹೆವಿ ಮೆಟಲ್‌ಗೆ ಹಳೆಯ ಅಭಿಮಾನಿಗಳಿದ್ದಾರೆ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಯಿಂದ ಜನ ಬಂದಿದ್ದರು. ಅಂಥವರಿಗೆ ಈ ತಂಡ ಹತ್ತಿರವಾಗಲು ಹೊತ್ತು ಹಿಡಿಯುವುದಿಲ್ಲ. ಹೊಸಬರು ಮಾತ್ರ ಒಂದು ಕ್ರಮ ಇಟ್ಟುಕೊಂಡರೆ ಒಳ್ಳೆಯದು.

ಮೊದಲು 1970ರ ರೆಕಾರ್ಡನ್ನು ಶುರುವಿನಿಂದ ಕೊನೆಯವರೆಗೆ ಕೇಳಿ. ಮೊಬೈಲಿನ ಸ್ಪೀಕರ್ ಬೇಡ, ಅದರಲ್ಲಿ ಬೇಸ್ ಬರುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ. ಎರಡನೇ ಸಲ ಕೇಳುವಾಗ ಆರ್ಗನ್ ಒಂದನ್ನೇ ಹಿಂಬಾಲಿಸಿ. ಆಮೇಲೆ 1972ರದ್ದಕ್ಕೆ ಹೋಗಿ, ಅದು ಕಷ್ಟದ್ದು, ಮೊದಲ ಸಲಕ್ಕೆ ಹಿಡಿತಕ್ಕೆ ಸಿಗದಿದ್ದರೆ ಬಿಟ್ಟು ಮತ್ತೆ ಬನ್ನಿ. ಜಾಝ್ ಇಷ್ಟವಿದ್ದವರು ನೇರ ‘ಬ್ಯಾಂಕ್ವೆಟ್’ಗೆ ಹೋಗಬಹುದು. ಗಡುಸು ಮಾತ್ರ ಸಾಕು ಅನ್ನುವವರಿಗೆ 1970ರದ್ದಾದ ಮೇಲೆ 1981ರ ‘ಮೀನ್ ಮೆಷಿನ್’.

ಎಲ್‌ಪಿ ಅಥವಾ ಸಿಡಿ ಕೊಳ್ಳುವುದಾದರೆ ಹಿಂಬದಿಯಲ್ಲಿ ಹಕ್ಕುದಾರರ ಹೆಸರು, ಮರುಮುದ್ರಣದ ವರ್ಷ, ಯಾವ ಮೂಲದಿಂದ ಇಳಿಸಿಕೊಂಡಿದ್ದು ಅನ್ನುವ ವಿವರ ಇದೆಯಾ ನೋಡಿ. ಮಾಸ್ಟರ್ ಟೇಪಿನಿಂದ ಮಾಡಿದ ಕಂಪನಿ ಅದನ್ನು ಸಾಮಾನ್ಯವಾಗಿ ಹೇಳಿಕೊಂಡೇ ಇರುತ್ತದೆ. ಏನೂ ಬರೆದಿಲ್ಲದ, ಕಂಪನಿಯ ಹೆಸರೇ ಇಲ್ಲದ ಪ್ರತಿ ಅಗ್ಗಕ್ಕೆ ಸಿಕ್ಕರೂ ಅನುಮಾನ ಇಟ್ಟುಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ಕೇಳುವವರು ಒಂದೇ ರೆಕಾರ್ಡ್‌ನ ಎರಡು ಮೂರು ಆವೃತ್ತಿ ಕಂಡರೆ ‘ರೈಡ್ ದ ಸ್ಕೈ’ಯ ಮೊದಲ ಅರ್ಧ ನಿಮಿಷವನ್ನು ಪ್ರತಿಯೊಂದರಲ್ಲೂ ಕೇಳಿ ಹೋಲಿಸಿ. ವಾಲ್ಯೂಮ್ ಒಂದೇ ಮಟ್ಟಕ್ಕೆ ತಂದುಕೊಂಡು ಕೇಳಬೇಕು, ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಹಾರ್ನ್ ಮತ್ತು ಡ್ರಮ್ಸ್ ಬೇರೆ ಬೇರೆಯಾಗಿ ಕೇಳುವ ಆವೃತ್ತಿಯನ್ನೇ ಇಟ್ಟುಕೊಳ್ಳಿ.